ಬಿಸಿಲ ಬೇಗೆಯಲ್ಲಿ ಸೈಕಲ್ ಸವಾರ: ಎಚ್ಚರ ಅವನದು, ಹೊಣೆ ಎಲ್ಲರದು

ಬೇಸಗೆ ಕಾಲಿಟ್ಟೊಡನೆ ಪ್ರತಿವರ್ಷವೂ ಪತ್ರಿಕೆಗಳಲ್ಲಿ ಒಂದೇ ಬಗೆಯ ಹಿತವಚನಗಳು ಪ್ರಕಟವಾಗುತ್ತವೆ. ಮಧ್ಯಾಹ್ನ ಹೊರಗೆ ಹೋಗಬೇಡಿರಿ, ಧಾರಾಳವಾಗಿ ನೀರು ಕುಡಿಯಿರಿ, ತೆಳುವಾದ ಹತ್ತಿಯ ಬಟ್ಟೆ ಧರಿಸಿರಿ. ಈ ಮಾತುಗಳಲ್ಲಿ ತಪ್ಪೇನೂ ಇಲ್ಲ. ಆದರೆ ಇವು ಯಾರನ್ನು ಉದ್ದೇಶಿಸಿದ ಮಾತುಗಳು ಎಂದು ವಿಚಾರ ಮಾಡಿದವರು ವಿರಳ. ಮಧ್ಯಾಹ್ನ ಮನೆಯೊಳಗೆ ಉಳಿಯುವ ಸ್ವಾತಂತ್ರ್ಯವುಳ್ಳವನಿಗೆ ಈ ಉಪದೇಶದ ಅಗತ್ಯ ಅಷ್ಟಾಗಿ ಇಲ್ಲ. ಅಗತ್ಯವುಳ್ಳವನಿಗೆ ಆ ಸ್ವಾತಂತ್ರ್ಯವೇ ಇಲ್ಲ. ಮುಂಬಯಿಯ ಡಬ್ಬಾವಾಲ, ಪಿಂಪ್ರಿ-ಚಿಂಚವಾಡದ ಕಾರ್ಖಾನೆಗೆ ಎರಡನೆಯ ಪಾಳಿಗೆಂದು ಹೊರಟ ಕಾರ್ಮಿಕ, ಚೆನ್ನೈಯ ಅಂಬತ್ತೂರಿನ ವರ್ಕ್‌ಶಾಪಿನ ಹುಡುಗ, ದಿಲ್ಲಿಯ ಕಾಲೊನಿಗಳ ಕಾವಲುಗಾರ, ಹೈದರಾಬಾದಿನಲ್ಲಿ ಮನೆಮನೆಗೆ ಊಟದ ಪೊಟ್ಟಣ ತಲುಪಿಸುವ ತರುಣ, ಇವರೆಲ್ಲರೂ ಸೂರ್ಯನು ನೆತ್ತಿಯ ಮೇಲಿರುವಾಗಲೇ ಪೆಡಲು ತುಳಿಯಬೇಕಾದವರು. ಇವರಲ್ಲಿ ನಮ್ಮ ನಾಡಿನಿಂದ ಹೊಟ್ಟೆಪಾಡಿಗಾಗಿ ಬಂದವರೂ ಇದ್ದಾರೆ. ಆದುದರಿಂದ ಈ ವಿಷಯವನ್ನು ನಮ್ಮ ಸಂಘದ ಸ್ಮರಣ ಸಂಚಿಕೆಯಲ್ಲಿ ಪ್ರಸ್ತಾಪಿಸುವುದು ಅನುಚಿತವಾಗಲಾರದು.

ನನ್ನ ಅಭಿಪ್ರಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ಬೇಸಗೆಯಲ್ಲಿ ಸೈಕಲ್ಲನ್ನು ತ್ಯಜಿಸಬೇಕೆಂಬ ವಾದ ನನಗೆ ಒಪ್ಪಿಗೆಯಿಲ್ಲ. ಎಚ್ಚರಿಕೆಯನ್ನೆಲ್ಲ ಸವಾರನೊಬ್ಬನ ತಲೆಗೇ ಕಟ್ಟಿ ನಾವು ಕೈತೊಳೆದುಕೊಳ್ಳುವುದೂ ಸರಿಯಲ್ಲ. ಹೊತ್ತು, ನೆರಳು, ನೀರು ಎಂಬ ಈ ಮೂರನ್ನು ಸಮಾಜ ಒದಗಿಸಿದರೆ ಮಾತ್ರ ಸವಾರನ ಎಚ್ಚರಿಕೆಗೆ ಅರ್ಥ ಬರುತ್ತದೆ.

ಶರೀರದ ಜಮಾಖರ್ಚು

ಸೈಕಲ್ ತುಳಿಯುವಾಗ ನಾವು ವ್ಯಯ ಮಾಡುವ ಶಕ್ತಿಯಲ್ಲಿ ನಾಲ್ಕನೆಯ ಒಂದು ಪಾಲು ಅಥವಾ ಅದಕ್ಕಿಂತಲೂ ಕಡಮೆ ಭಾಗ ಮಾತ್ರ ಚಕ್ರವನ್ನು ತಿರುಗಿಸುತ್ತದೆ. ಉಳಿದುದೆಲ್ಲವೂ ಶರೀರದೊಳಗೆ ಶಾಖವಾಗಿ ಪರಿಣಮಿಸುತ್ತದೆ. 60 ಕಿಲೋ ತೂಕದ ವ್ಯಕ್ತಿ ಗಂಟೆಗೆ 15 ಕಿ.ಮೀ.ಗಿಂತ ಕಡಮೆ ವೇಗದಲ್ಲಿ ನಿಧಾನವಾಗಿ ಸಾಗಿದರೆ ಗಂಟೆಗೆ ಸುಮಾರು 240 ಕ್ಯಾಲೊರಿ ಖರ್ಚಾಗುತ್ತದೆ. 16ರಿಂದ 19 ಕಿ.ಮೀ. ವೇಗಕ್ಕೆ ಏರಿಸಿದರೆ ಅದು ಸುಮಾರು 400 ಆಗುತ್ತದೆ. ಅಂದರೆ ವೇಗವನ್ನು ತುಸುವೇ ಏರಿಸಿದರೂ ಒಳಗಿನ ಒಲೆಯ ಉರಿ ಬಹಳ ಹೆಚ್ಚುತ್ತದೆ. ಗಾಳಿಯ ಪ್ರತಿರೋಧವು ವೇಗಕ್ಕಿಂತ ಶೀಘ್ರವಾಗಿ ಬೆಳೆಯುವುದೇ ಇದಕ್ಕೆ ಮುಖ್ಯ ಕಾರಣ.

ಈ ಶಾಖವನ್ನು ಹೊರಹಾಕುವ ಮುಖ್ಯ ಉಪಾಯವೆಂದರೆ ಬೆವರು. ಒಂದು ಲೀಟರ್ ಬೆವರು ಚರ್ಮದ ಮೇಲೆಯೇ ಆವಿಯಾದರೆ ಸುಮಾರು 580 ಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಇಲ್ಲಿ ಆವಿಯಾದರೆ ಎಂಬ ಮಾತನ್ನು ವಾಚಕರು ಗಮನಿಸಬೇಕು. ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರಿನಿಂದ ಶರೀರಕ್ಕೆ ನಷ್ಟವುಂಟೇ ಹೊರತು ತಂಪಿಲ್ಲ. ಮುಂಬಯಿ, ಚೆನ್ನೈಗಳಂತಹ ಕಡಲ ತಡಿಯ ನಗರಗಳಲ್ಲಿ ಹವೆಯ ತೇವದಿಂದಾಗಿ ಬೆವರು ಸುಲಭವಾಗಿ ಆರುವುದಿಲ್ಲ. ಅಲ್ಲಿ 37 ಡಿಗ್ರಿ ಸೆಲ್ಸಿಯಸ್ ಕೂಡ ಅಪಾಯಕಾರಿ. ನಮ್ಮ ಹವಾಮಾನ ಇಲಾಖೆಯು ಬಿಸಿಗಾಳಿಯನ್ನು ಘೋಷಿಸುವಾಗ ಬಯಲುಸೀಮೆಗೆ 40 ಡಿಗ್ರಿಯನ್ನೂ ಕರಾವಳಿಗೆ 37 ಡಿಗ್ರಿಯನ್ನೂ ಕನಿಷ್ಠ ಮಿತಿಯಾಗಿ ಇಟ್ಟುಕೊಂಡಿದೆ. ಇದಕ್ಕೆ ವ್ಯತಿರಿಕ್ತವಾಗಿ ದಿಲ್ಲಿಯ ಲೂ ಗಾಳಿಯಲ್ಲಿ ಬೆವರು ಹುಟ್ಟಿದೊಡನೆ ಒಣಗಿಹೋಗುತ್ತದೆ. ತಾನು ಬೆವರುತ್ತಲೇ ಇಲ್ಲವೆಂದು ಸವಾರನು ಭ್ರಮಿಸುತ್ತಾನೆ, ನೀರಡಿಕೆ ತೋರುವ ಹೊತ್ತಿಗೆ ಶರೀರ ಆಗಲೇ ಸಾಕಷ್ಟು ಬತ್ತಿರುತ್ತದೆ.

ಸೈಕಲ್ ಸವಾರನಿಗೆ ಇನ್ನೊಂದು ವಿಶೇಷ ಸನ್ನಿವೇಶವುಂಟು. ಚಲಿಸುತ್ತಿರುವಾಗ ತನ್ನ ಗಾಳಿಯನ್ನು ಅವನೇ ಉತ್ಪಾದಿಸಿಕೊಳ್ಳುತ್ತಾನೆ. ಆ ಗಾಳಿಯಿಂದ ಬೆವರು ಆರಿ ತಕ್ಕಮಟ್ಟಿಗೆ ಹಿತವೆನಿಸುತ್ತದೆ. ಸಿಗ್ನಲ್ಲಿನಲ್ಲಿ ನಿಂತ ಕ್ಷಣ ಗಾಳಿ ನಿಲ್ಲುತ್ತದೆ, ಆದರೆ ಸ್ನಾಯುಗಳ ಶಾಖ ನಿಲ್ಲುವುದಿಲ್ಲ. ಜೊತೆಗೆ ಸುತ್ತಲಿನ ಮೋಟಾರುಗಳ ಬಿಸಿಯುಸಿರು, ಕೆಳಗಿನಿಂದ ಡಾಂಬರಿನ ಝಳ. ಹಿಂದಿನಿಂದ ಗಾಳಿ ಬೀಸುವಾಗಲೂ ಹೀಗೆಯೇ. ಸವಾರಿ ಸಲೀಸಾಗಿ ಸಾಗುತ್ತದೆ, ಆದರೆ ಮೈಗೆ ಗಾಳಿ ತಗಲುವುದಿಲ್ಲ. ಏರುದಾರಿಯಲ್ಲಂತೂ ಶ್ರಮ ಇಮ್ಮಡಿಯಾಗಿ ಗಾಳಿ ಅರ್ಧಕ್ಕಿಳಿಯುತ್ತದೆ. ಆದುದರಿಂದ ತಲೆಸುತ್ತು ಹಲವು ವೇಳೆ ಸವಾರಿ ಮಾಡುತ್ತಿರುವಾಗ ಬರದೆ, ನಿಂತ ಮೇಲೆ ಬರುತ್ತದೆ. ಇದನ್ನು ಅರಿತವನು ನಿಲ್ಲುವುದಾದರೆ ನೆರಳಿನಲ್ಲಿಯೇ ನಿಲ್ಲುತ್ತಾನೆ.

ನಾವು ಬಿಸಿಲು ಕಂಡವರು ಎಂಬ ಹೆಮ್ಮೆ

ನಮ್ಮವರಲ್ಲಿ, ಅದರಲ್ಲಿಯೂ ರಾಯಚೂರು, ಕಲಬುರಗಿ, ಬಳ್ಳಾರಿಯ ಕಡೆಯಿಂದ ಬಂದವರಲ್ಲಿ, ಈ ಊರಿನ ಬಿಸಿಲು ನಮಗೇನು ಮಹಾ ಎಂಬ ಮಾತು ಸಾಮಾನ್ಯ. ಅಭಿಮಾನ ಸಹಜವಾದುದು, ಶರೀರಶಾಸ್ತ್ರ ಮಾತ್ರ ಅದನ್ನು ಮನ್ನಿಸುವುದಿಲ್ಲ. ಬಿಸಿಲಿಗೆ ಹೊಂದಿಕೊಳ್ಳುವ ಸಾಮರ್ಥ್ಯ ಹುಟ್ಟೂರಿನಿಂದ ಬರುವ ಆಸ್ತಿಯಲ್ಲ. ದಿನವೂ ಸ್ವಲ್ಪ ಹೊತ್ತು ಬಿಸಿಲಿನಲ್ಲಿ ಶ್ರಮಿಸಿದರೆ ಒಂದೆರಡು ವಾರಗಳಲ್ಲಿ ಅದು ಬರುತ್ತದೆ: ಬೆವರು ಬೇಗ ಹುಟ್ಟುತ್ತದೆ, ಅದರಲ್ಲಿ ಉಪ್ಪಿನ ಅಂಶ ತಗ್ಗುತ್ತದೆ, ನಾಡಿಯ ಬಡಿತ ಹತೋಟಿಗೆ ಬರುತ್ತದೆ. ಅಭ್ಯಾಸ ತಪ್ಪಿದರೆ ಕೆಲವೇ ವಾರಗಳಲ್ಲಿ ಅಷ್ಟೂ ಹೊರಟುಹೋಗುತ್ತದೆ. ಹತ್ತು ವರ್ಷ ಹವಾನಿಯಂತ್ರಿತ ಕಚೇರಿಯಲ್ಲಿ ಕುಳಿತವನು ರಾಯಚೂರಿನವನಾದರೂ ಒಂದೇ, ಮಡಿಕೇರಿಯವನಾದರೂ ಒಂದೇ.

ಇದರಿಂದ ಒಂದು ಪ್ರಾಯೋಗಿಕ ಸೂಚನೆ ದೊರೆಯುತ್ತದೆ. ಮೇ ತಿಂಗಳಲ್ಲಿ ಮಕ್ಕಳ ರಜೆಗೆಂದು ಮಲೆನಾಡಿಗೋ ಕೊಡಗಿಗೋ ಹೋಗಿ ಮೂರು ವಾರ ತಂಪಿನಲ್ಲಿದ್ದು ಮರಳಿದವರು, ಬಂದ ಮರುದಿನವೇ ಹಿಂದಿನಂತೆ ಹತ್ತು ಕಿ.ಮೀ. ಸೈಕಲ್ ಹೊಡೆಯಬಾರದು. ಮೊದಲ ವಾರ ಅರ್ಧ ದೂರ, ಅರ್ಧ ವೇಗ. ಊರಿನಿಂದ ಹೊಸದಾಗಿ ಕೆಲಸಕ್ಕೆ ಬಂದ ಹುಡುಗನನ್ನು ಮೊದಲ ದಿನವೇ ಪೂರ್ತಿ ಸುತ್ತಿಗೆ ಕಳುಹಿಸುವ ಮಾಲೀಕರೂ ಇದನ್ನು ಅರಿಯಬೇಕು. ಬಿಸಿಲಿನ ಆಘಾತ ಹೆಚ್ಚಾಗಿ ಹೊಸಬರನ್ನೇ ಮೊದಲ ಕೆಲವು ದಿನಗಳಲ್ಲಿ ಹಿಡಿಯುತ್ತದೆ.

ಉಷ್ಣತೆಯ ಅಂಕಿಯನ್ನು ನೋಡಿ ನಿಶ್ಚಿಂತರಾಗುವುದೂ ಸಲ್ಲದು. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರ್‌ಘರ್ ಮೈದಾನದಲ್ಲಿ ನಡೆದ ಪ್ರಶಸ್ತಿ ಪ್ರದಾನ ಸಮಾರಂಭಕ್ಕೆ ಬಂದು ಬಿಸಿಲಿನಲ್ಲಿ ಕುಳಿತಿದ್ದವರ ಪೈಕಿ 14 ಮಂದಿ ಅಸುನೀಗಿದರು. ಅಂದಿನ ಉಷ್ಣತೆ 38 ಡಿಗ್ರಿಯ ಆಸುಪಾಸಿನಲ್ಲಿತ್ತು. ಅವರು ಸೈಕಲ್ ತುಳಿಯುತ್ತಿರಲಿಲ್ಲ, ಬರಿದೇ ಕುಳಿತಿದ್ದರು. ಕುಳಿತವರ ಪಾಡೇ ಹೀಗಾದರೆ ಭಾರ ಹೇರಿಕೊಂಡು ತುಳಿಯುವವನ ಪಾಡೇನು?

ಸವಾರನ ಕೈಯಲ್ಲಿರುವುದು

ಹೊತ್ತನ್ನು ಆರಿಸಿಕೊಳ್ಳಬಲ್ಲವರು, ಅಂದರೆ ವ್ಯಾಯಾಮಕ್ಕಾಗಿ, ವೈದ್ಯರ ಸಲಹೆಯ ಮೇರೆಗೆ, ಹವ್ಯಾಸಕ್ಕಾಗಿ ಸೈಕಲ್ ಹತ್ತುವವರು, ಬೆಳಗಿನ ಎಂಟು ಗಂಟೆಯೊಳಗೆ ಮನೆ ಸೇರಬೇಕು. ಸಾಯಂಕಾಲ ಐದಕ್ಕೆ ಬಿಸಿಲು ಇಳಿದಂತೆ ಕಂಡರೂ ರಸ್ತೆಯೂ ಗೋಡೆಗಳೂ ಹಗಲೆಲ್ಲ ಹೀರಿದ ಶಾಖವನ್ನು ಹೊರಸೂಸುತ್ತಿರುತ್ತವೆ. ಮುಂಬಯಿಯವರು ಮಾರ್ಚ್ ತಿಂಗಳ ವಿಷಯದಲ್ಲಿ ವಿಶೇಷ ಜಾಗರೂಕರಾಗಿರಬೇಕು. ಭೂಮಿಯ ಕಡೆಯಿಂದ ಬೀಸುವ ಒಣಗಾಳಿಯು ಕಡಲಗಾಳಿಯನ್ನು ತಡೆದ ದಿನ, ಮೇ ತಿಂಗಳಿಗಿಂತಲೂ ಹೆಚ್ಚಿನ ಧಗೆ ಮಾರ್ಚಿಯಲ್ಲೇ ಕಾಣಿಸಿಕೊಳ್ಳುತ್ತದೆ. ಚೆನ್ನೈಯಲ್ಲಾದರೋ ಕತ್ತರಿ ಬಿಸಿಲಿನ ಮೇ ತಿಂಗಳ ಕೊನೆಯೇ ಕಠಿಣ. 2003ರ ಮೇ ಅಂತ್ಯದಲ್ಲಿ ಅಲ್ಲಿ 45 ಡಿಗ್ರಿ ದಾಖಲಾಗಿತ್ತು.

ಹೊತ್ತನ್ನು ಆರಿಸಿಕೊಳ್ಳಲಾಗದವರು ವೇಗವನ್ನಾದರೂ ಆರಿಸಿಕೊಳ್ಳಬಹುದು. ಮಾತನಾಡಲು ಉಸಿರು ಸಾಲದಷ್ಟು ರಭಸದಿಂದ ತುಳಿಯಬಾರದು. ಏರಿನಲ್ಲಿ ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ಅವಮಾನವೇನೂ ಇಲ್ಲ. ಬಿಳಿಯ ಅಥವಾ ತಿಳಿಬಣ್ಣದ ಸಡಿಲ ಅಂಗಿಯ ಪೂರ್ತಿ ತೋಳು ಲೇಸು. ಆದರೆ ಷರಾಯಿಯ ಅಂಚನ್ನೂ ಸೀರೆಯ ಸೆರಗನ್ನೂ ದುಪಟ್ಟಾವನ್ನೂ ಚೈನಿಗೆ ಸಿಕ್ಕದಂತೆ ಬಿಗಿಯಾಗಿ ಕಟ್ಟಿಕೊಳ್ಳಬೇಕು. ಕತ್ತಿನ ಸುತ್ತ ಒದ್ದೆ ಟವೆಲ್ಲು ಬಹಳ ಉಪಕಾರಿ. ಸೆಕೆಯೆಂದು ಹೆಲ್ಮೆಟ್ಟನ್ನು ಕಳಚಿಡುವುದು ಒಳ್ಳೆಯದಲ್ಲ. ಗಾಳಿಗಂಡಿಗಳುಳ್ಳ ಸೈಕಲ್ ಹೆಲ್ಮೆಟ್ಟು ತಲೆಗೆ ನೆರಳನ್ನೂ ಕೊಡುತ್ತದೆ.

ನೀರಿನ ವಿಷಯದಲ್ಲಿ ಎರಡು ಅತಿರೇಕಗಳನ್ನೂ ಬಿಡಬೇಕು. ಬಾಯಾರಿಕೆಗೆ ಕಾಯದೆ ಹದಿನೈದು-ಇಪ್ಪತ್ತು ನಿಮಿಷಗಳಿಗೊಮ್ಮೆ ಒಂದು ಲೋಟ ನೀರು ಸಾಕು. ಗಂಟೆಗೆ ಒಂದೂವರೆ ಲೀಟರ್ ಮೀರಿ ಬರಿಯ ನೀರನ್ನೇ ಕುಡಿದರೆ ರಕ್ತದಲ್ಲಿನ ಸೋಡಿಯಂ ತೆಳುವಾಗಿ ಬೇರೊಂದು ಅನಾಹುತವಾದೀತು. ದೀರ್ಘಕಾಲ ಬೆವರಿದವನಿಗೆ ಉಪ್ಪೂ ಬೇಕು. ಉಪ್ಪು ಬೆರೆಸಿದ ನೀರುಮಜ್ಜಿಗೆ, ರಾಗಿ ಅಂಬಲಿ, ಎಳನೀರು, ಚಿಟಿಕೆ ಉಪ್ಪು ಹಾಕಿದ ನಿಂಬೆಯ ಪಾನಕ, ಕರಾವಳಿಯವರ ಪುನರ್ಪುಳಿ ಸಾರು, ಇವು ಬಣ್ಣದ ಶೀಷೆಗಳ ಪಾನೀಯಗಳಿಗಿಂತ ಯಾವ ರೀತಿಯಲ್ಲಿಯೂ ಕೀಳಲ್ಲ. ರಾಮನವಮಿಯ ದಿನ ಪಾನಕ, ಮಜ್ಜಿಗೆ, ಕೋಸಂಬರಿಗಳನ್ನು ಹಂಚುವ ನಮ್ಮ ಸಂಪ್ರದಾಯದ ಹಿಂದೆ ಋತುವಿನ ಅರಿವು ಇದ್ದೇ ಇದೆ. ವಾಂತಿಭೇದಿಯೂ ಸೇರಿಕೊಂಡರೆ ಓ.ಆರ್.ಎಸ್. ಪೊಟ್ಟಣವನ್ನು ಒಂದು ಲೀಟರ್ ನೀರಿನಲ್ಲಿ ಕರಗಿಸಿ ಕುಡಿಯಬೇಕು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಾಬಿಸ್ ಅವರು ಉಪ್ಪು-ಸಕ್ಕರೆಯ ಇಂತಹ ದ್ರಾವಣದಿಂದಲೇ ಕಾಲರಾ ರೋಗಿಗಳನ್ನು ಮೃತ್ಯುಮುಖದಿಂದ ಪಾರುಮಾಡಿದರು. ಅಷ್ಟು ಅಗ್ಗದ ಔಷಧಿಯನ್ನು ಕೈಚೀಲದಲ್ಲಿ ಇಟ್ಟುಕೊಳ್ಳದಿರುವುದು ಅಲಕ್ಷ್ಯವಲ್ಲದೆ ಮತ್ತೇನು?

ರಕ್ತದೊತ್ತಡಕ್ಕೆಂದು ಮೂತ್ರಸ್ರಾವವನ್ನು ಹೆಚ್ಚಿಸುವ ಗುಳಿಗೆಗಳನ್ನೋ ನಾಡಿಬಡಿತವನ್ನು ತಗ್ಗಿಸುವ ಗುಳಿಗೆಗಳನ್ನೋ ಸೇವಿಸುತ್ತಿರುವವರು, ಮಾನಸಿಕ ಕಾಯಿಲೆಯ ಕೆಲವು ಔಷಧಿಗಳನ್ನು ತೆಗೆದುಕೊಳ್ಳುವವರು, ಮಧುಮೇಹಿಗಳು, ಬೇಸಗೆಗೆ ಮುಂಚೆಯೇ ವೈದ್ಯರಲ್ಲಿ ವಿಚಾರಿಸಬೇಕು. ಸ್ವಂತ ಬುದ್ಧಿಯಿಂದ ಗುಳಿಗೆ ನಿಲ್ಲಿಸುವುದು ಬಿಸಿಲಿಗಿಂತಲೂ ಅಪಾಯಕರ. ಉಪ್ಪನ್ನು ಮಿತಿಗೊಳಿಸಲು ಹೇಳಿಸಿಕೊಂಡವರು ಮೇಲಿನ ಪಾನೀಯಗಳ ಬಗೆಗೂ ಕೇಳಿ ತಿಳಿದುಕೊಳ್ಳಲಿ.

ಕುಸಿದವನನ್ನು ಕಂಡಾಗ

ಮೊದಲ ಲಕ್ಷಣಗಳು ಸುಪರಿಚಿತ: ಮೀನಖಂಡ ಸೆಟೆದುಕೊಳ್ಳುವುದು, ತಲೆನೋವು, ಓಕರಿಕೆ, ತಲೆಸುತ್ತು. ಇಂತಹ ಸಮಯದಲ್ಲಿ ಸೈಕಲಿನಿಂದ ಇಳಿದು ನೆರಳು ಸೇರಿ, ಬಟ್ಟೆ ಸಡಿಲಿಸಿ, ನೀರು ಕುಡಿದು ಅರ್ಧ ಗಂಟೆ ವಿಶ್ರಮಿಸಿದರೆ ಸಾಮಾನ್ಯವಾಗಿ ಚೇತರಿಕೆಯಾಗುತ್ತದೆ. ಇನ್ನೇನು ಮನೆ ಹತ್ತಿರವೇ ಎಂದು ಮುಂದುವರಿದರೆ ಎರಡನೆಯ ಹಂತ ಕಾದಿರುತ್ತದೆ. ಶರೀರದ ಒಳ ಉಷ್ಣತೆ 40 ಡಿಗ್ರಿ ಮುಟ್ಟಿದಾಗ ಮಿದುಳು ತಡವರಿಸುತ್ತದೆ. ಅಸಂಬದ್ಧ ಮಾತು, ತೂರಾಟ, ವಿನಾಕಾರಣ ಸಿಟ್ಟು, ಅಪಸ್ಮಾರದಂತಹ ಸೆಳೆತ, ಕೊನೆಗೆ ಪ್ರಜ್ಞಾಶೂನ್ಯತೆ. ದಾರಿಯಲ್ಲಿ ತೂರಾಡುವ ಸವಾರನನ್ನು ಕಂಡು ಕುಡಿದಿದ್ದಾನೆಂದು ಮೂಗು ಮುರಿದು ಹೋಗುವವರು ಒಂದು ಜೀವವನ್ನು ಕೈಬಿಟ್ಟು ಹೋಗುತ್ತಿರಬಹುದು.

ಬಿಸಿಲಿನ ಆಘಾತವಾದರೆ ಚರ್ಮ ಒಣಗಿರಲೇಬೇಕೆಂಬ ನಂಬಿಕೆ ನಮ್ಮಲ್ಲಿ ಪ್ರಚಲಿತವಾಗಿದೆ. ಶ್ರಮಪಡುವಾಗ ಆಘಾತಕ್ಕೊಳಗಾದವನ ಮೈ ಬೆವರಿನಿಂದ ತೊಯ್ದಿರಲೂಬಹುದು. ಆದುದರಿಂದ ಚರ್ಮವನ್ನು ನೋಡುವುದಕ್ಕಿಂತ ಬುದ್ಧಿಯ ಸ್ವಾಧೀನತೆಯನ್ನು ನೋಡಬೇಕು. ಹೆಸರು, ವಿಳಾಸ ಕೇಳಿ. ಉತ್ತರ ತಪ್ಪಿದರೆ ತಡಮಾಡಬಾರದು. 108 ಅಥವಾ 112ಕ್ಕೆ ಫೋನು ಮಾಡಿ, ಆಂಬುಲೆನ್ಸು ಬರುವ ತನಕ ಕೈಕಟ್ಟಿ ಕೂರದೆ ತಂಪು ಮಾಡುವುದನ್ನು ಆಗಲೇ ಆರಂಭಿಸಬೇಕು. ಮೈಮೇಲೆ ಕೊಡಗಟ್ಟಲೆ ನೀರು ಸುರಿದು ರಟ್ಟಿನಿಂದಲಾದರೂ ಗಾಳಿ ಬೀಸಿ. ಐಸು ದೊರೆತರೆ ಕತ್ತು, ಕಂಕುಳು, ತೊಡೆಸಂದುಗಳಲ್ಲಿ ಇಡಿ. ಅರೆಪ್ರಜ್ಞೆಯಲ್ಲಿರುವವನ ಬಾಯಿಗೆ ನೀರು ಹೊಯ್ಯಬಾರದು. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಜ್ವರದ ಗುಳಿಗೆಯಿಂದ ಇಲ್ಲಿ ಪ್ರಯೋಜನವಿಲ್ಲ. ಮೊದಲರ್ಧ ಗಂಟೆಯಲ್ಲಿ ಮೈಯನ್ನು ತಂಪುಗೊಳಿಸುವುದೇ ಬಹುಪಾಲು ಚಿಕಿತ್ಸೆ.

ನೆರಳು ಯಾರ ಸೊತ್ತು?

ಇಷ್ಟೆಲ್ಲವನ್ನೂ ಸವಾರನು ಪಾಲಿಸಿದನೆನ್ನೋಣ. ಆದರೂ ಎರಡು ಕಿ.ಮೀ. ಉದ್ದಕ್ಕೆ ಒಂದು ಮರವೂ ಇಲ್ಲದ ಫ್ಲೈಓವರಿನ ಬದಿಯಲ್ಲಿ ಅವನೇನು ಮಾಡಬಲ್ಲ? ರಸ್ತೆ ಅಗಲಗೊಳಿಸುವಾಗ ಮೊದಲು ಉರುಳುವುದು ಮರ. ಕಾರಿನೊಳಗೆ ಕುಳಿತವನಿಗೆ ಅದರ ನಷ್ಟ ತಿಳಿಯುವುದಿಲ್ಲ. ಪೆಡಲು ತುಳಿಯುವವನಿಗೂ ನಡೆಯುವವನಿಗೂ ತಿಳಿಯುತ್ತದೆ. ಹುಲಿಕಲ್ಲು-ಕುದೂರುಗಳ ನಡುವಣ ದಾರಿಗೆ ಆಲದ ಸಾಲನ್ನು ನೆಟ್ಟು ಮಕ್ಕಳಂತೆ ಸಾಕಿದ ಸಾಲುಮರದ ತಿಮ್ಮಕ್ಕನವರಿಗೆ 2019ರಲ್ಲಿ ಪದ್ಮಶ್ರೀ ಸಂದಾಗ ನಾವೆಲ್ಲರೂ ಹೆಮ್ಮೆಪಟ್ಟೆವು. ಹೆಮ್ಮೆಪಟ್ಟವರು ನಮ್ಮ ಸೊಸೈಟಿಯ ಮುಂದಿನ ಮರವನ್ನು ಪಾರ್ಕಿಂಗಿಗಾಗಿ ಕಡಿಯುವ ಠರಾವಿಗೆ ಕೈಯೆತ್ತುವಾಗ ಅವರನ್ನು ಸ್ಮರಿಸಿಕೊಳ್ಳುವುದು ಒಳ್ಳೆಯದು.

ನೆರಳನ್ನು ಯೋಜಿಸಿ ಕಟ್ಟಬಹುದೆಂಬುದಕ್ಕೆ ಹೈದರಾಬಾದೇ ಸಾಕ್ಷಿ. ಅಲ್ಲಿಯ ಹೊರವರ್ತುಲ ರಸ್ತೆಯ ಬದಿಯಲ್ಲಿ ಸೌರಫಲಕಗಳನ್ನೇ ಚಾವಣಿಯಾಗಿಸಿ 23 ಕಿ.ಮೀ. ಸೈಕಲ್ ಪಥವನ್ನು ನಿರ್ಮಿಸಿ 2023ರ ಅಕ್ಟೋಬರ್ 1ರಂದು ಉದ್ಘಾಟಿಸಲಾಯಿತು. ನೆರಳಿಗೆ ನೆರಳು, ವಿದ್ಯುತ್ತಿಗೆ ವಿದ್ಯುತ್ತು. ಸ್ತುತ್ಯವಾದ ಕಾರ್ಯವೇ ಸರಿ. ಆದರೆ ಆ ಪಥ ಇರುವುದು ನಗರದ ಪಶ್ಚಿಮದಂಚಿನ ಹೊಸ ಬಡಾವಣೆಗಳ ಬಳಿ. ಕಾರ್ಖಾನೆಗೂ ಮಾರುಕಟ್ಟೆಗೂ ಸಾಗುವ ಹಳೆಯ ದಾರಿಗಳಿಗೂ ಇಂತಹ ಚಾವಣಿ ಬರಬೇಡವೆ? ಬೆಳಗಿನ ಹವ್ಯಾಸಿಗೆ ದೊರೆತ ನೆರಳು ನಡುಹಗಲಿನ ದುಡಿಮೆಗಾರನಿಗೆ ಮೊದಲು ದೊರೆಯಬೇಕಾಗಿತ್ತು ಎಂಬುದು ನನ್ನ ವಿನಮ್ರ ಅಭಿಪ್ರಾಯ.

ಇಷ್ಟಕ್ಕೆಲ್ಲ ಹಣವೆಲ್ಲಿದೆ ಎಂದು ಕೇಳುವವರಿದ್ದಾರೆ. ಹೊತ್ತನ್ನು ಬದಲಿಸಲು ಹಣ ಬೇಕಾಗಿಲ್ಲ. ನಮ್ಮ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿಯೂ ವಿಜಯಪುರ, ಬಾಗಲಕೋಟೆಗಳಲ್ಲಿಯೂ ಏಪ್ರಿಲ್-ಮೇ ತಿಂಗಳುಗಳಲ್ಲಿ ಸರಕಾರಿ ಕಚೇರಿಗಳನ್ನು ಬೆಳಗಿನ 8ಕ್ಕೆ ತೆರೆದು ಮಧ್ಯಾಹ್ನ 1-30ಕ್ಕೆ ಮುಚ್ಚುವ ಕ್ರಮವುಂಟು. ಕೇರಳದಲ್ಲಿ ಬೇಸಗೆಯ ನಡುಹಗಲು 12ರಿಂದ 3ರವರೆಗೆ ಬಯಲಿನ ಕೆಲಸಗಾರರಿಗೆ ಬಿಡುವು ಕೊಡಿಸುತ್ತಾರೆ. ಅಹಮದಾಬಾದು ನಗರದಲ್ಲಿ 2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ವಾಡಿಕೆಗಿಂತ 1,344 ಸಾವುಗಳು ಹೆಚ್ಚಾಗಿ ಸಂಭವಿಸಿದ ಮೇಲೆ, 2013ರಲ್ಲಿ ಅಲ್ಲಿಯ ನಗರಪಾಲಿಕೆ ಮುನ್ನೆಚ್ಚರಿಕೆ, ಆಸ್ಪತ್ರೆಗಳ ಸಿದ್ಧತೆ, ಕುಡಿಯುವ ನೀರಿನ ಏರ್ಪಾಡುಗಳ ಯೋಜನೆಯೊಂದನ್ನು ರೂಪಿಸಿತು. ಸತ್ತವರ ಲೆಕ್ಕ ಸಿಕ್ಕಿದ ಮೇಲೆ ಎಚ್ಚೆತ್ತುಕೊಳ್ಳುವುದು ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಉಳಿದ ನಗರಗಳಾದರೂ ಮೊದಲೇ ಬಾವಿ ತೋಡಲಿ.

ನಮ್ಮ ಸಂಘ ಮಾಡಬಹುದಾದುದು

ಸರಕಾರದ ಕಡೆಗೆ ಬೆರಳು ತೋರಿ ಮುಗಿಸುವುದು ಸುಲಭ. ನಮ್ಮ ಕೈಯಳತೆಯಲ್ಲಿರುವ ಕಾರ್ಯವೂ ಉಂಟು. ನಮ್ಮ ನಾಡಿನಲ್ಲಿ ಬೇಸಗೆ ಬಂದರೆ ದಾರಿಹೋಕರಿಗಾಗಿ ಅರವಟ್ಟಿಗೆ ಇಡುವ ಪದ್ಧತಿ ಬಹು ಪುರಾತನವಾದುದು. ಕೆರೆ ಕಟ್ಟಿಸುವುದು, ಬಾವಿ ತೋಡಿಸುವುದು, ಸಾಲುಮರ ನೆಡಿಸುವುದು ಇವುಗಳ ಜೊತೆಯಲ್ಲಿ ಅರವಟ್ಟಿಗೆಯನ್ನೂ ಪುಣ್ಯಕಾರ್ಯವೆಂದು ಹಿರಿಯರು ಎಣಿಸಿದರು. ಶಾಸನಗಳಲ್ಲಿಯೂ ಆ ಹೆಸರು ಕಾಣಸಿಗುತ್ತದೆ. ಅಲ್ಲಿ ಯಾರ ಭಾಷೆ ಯಾವುದೆಂದು ಕೇಳುತ್ತಿರಲಿಲ್ಲ.

ನಾವು ಪರಸ್ಥಳದಲ್ಲಿದ್ದು ರಾಜ್ಯೋತ್ಸವ, ಯಕ್ಷಗಾನ, ನಾಟಕಗಳಿಂದ ನಾಡಿನ ಸಂಸ್ಕೃತಿಯನ್ನು ಉಳಿಸಿಕೊಂಡಿದ್ದೇವೆ. ಅರವಟ್ಟಿಗೆಯೂ ಅದೇ ಸಂಸ್ಕೃತಿಯ ಅಂಗವಲ್ಲವೆ? ಮಾರ್ಚಿಯಿಂದ ಜೂನಿನವರೆಗೆ ಸಂಘದ ಕಟ್ಟಡದ ಮುಂದೆ ಒಂದು ಚಪ್ಪರ, ಎರಡು ಮಣ್ಣಿನ ಹರವಿ, ಕುಡಿಯಲು ಶುದ್ಧವಾದ ನೀರು, ಮಧ್ಯಾಹ್ನ ಉಪ್ಪು ಬೆರೆಸಿದ ನೀರುಮಜ್ಜಿಗೆ, ಕುಳಿತುಕೊಳ್ಳಲು ಒಂದು ಬೆಂಚು, ಸೈಕಲ್ ಒರಗಿಸಲು ಜಾಗ, ಗೋಡೆಯ ಮೇಲೆ ಸ್ಥಳೀಯ ಭಾಷೆಯಲ್ಲಿಯೂ ಕನ್ನಡದಲ್ಲಿಯೂ ಆಂಬುಲೆನ್ಸಿನ ಸಂಖ್ಯೆ. ಒಂದು ಸಂಜೆಯ ಸಂಗೀತ ಕಚೇರಿಯ ವೆಚ್ಚಕ್ಕಿಂತ ಇದು ಹೆಚ್ಚಾಗಲಾರದು. ಸಂಘದಲ್ಲಿರುವ ವೈದ್ಯ ಸದಸ್ಯರು ಮಾರ್ಚಿಯಲ್ಲಿ ಒಂದು ಭಾನುವಾರ ಪ್ರಥಮ ಚಿಕಿತ್ಸೆಯನ್ನು ಕಲಿಸಿಕೊಡಲಿ. ಹೋಟೆಲು ಉದ್ಯಮದಲ್ಲಿರುವ ನಮ್ಮ ಬಂಧುಗಳು ಸೈಕಲಿನ ಮೇಲೆ ಊಟ ತಲುಪಿಸುವ ಹುಡುಗರಿಗೆ ಎರಡು ಸುತ್ತುಗಳ ನಡುವೆ ಕಾಲು ಗಂಟೆಯ ವಿಶ್ರಾಂತಿಯನ್ನು ಹಕ್ಕಾಗಿ ಕೊಡಲಿ. ಗೃಹಿಣಿಯರೂ ಗೃಹಸ್ಥರೂ ಸಂಜೆಗೆ ಬೇಕಾದ ಸಾಮಾನನ್ನು ಮಧ್ಯಾಹ್ನ ಎರಡು ಗಂಟೆಗೆ ತರಿಸದೆ ಬೆಳಿಗ್ಗೆಯೋ ರಾತ್ರಿಯೋ ತರಿಸಲಿ. ಅನಿವಾರ್ಯವಾಗಿ ತರಿಸಿದರೆ ಬಾಗಿಲಿಗೆ ಬಂದವನಿಗೆ ಹಣದೊಡನೆ ಒಂದು ಲೋಟ ನೀರನ್ನೂ ಕೊಡಲಿ. ಬಾಗಿಲಿಗೆ ಬಂದವರಿಗೆ ಮೊದಲು ನೀರು, ಆಮೇಲೆ ಮಾತು ಎಂಬುದು ನಮ್ಮ ಹಳ್ಳಿಗಳ ಮರ್ಯಾದೆ. ನಗರಕ್ಕೆ ಬಂದ ಮಾತ್ರಕ್ಕೆ ಅದನ್ನು ಮರೆಯಬೇಕಾಗಿಲ್ಲ.

ಸೈಕಲ್ಲು ಬಡವನ ವಾಹನವಾಗಿ ಬಹುಕಾಲ ನಮ್ಮ ನಗರಗಳನ್ನು ಪೋಷಿಸಿದೆ. ಹೊಗೆಯುಗುಳದ, ಸದ್ದುಮಾಡದ, ರಸ್ತೆಯನ್ನು ಕಾಯಿಸದ ವಾಹನ ಅದು. ನಗರದ ಧಗೆಯನ್ನು ಹೆಚ್ಚಿಸದವನೇ ಆ ಧಗೆಗೆ ಮೊದಲು ಬಲಿಯಾಗುವುದು ನ್ಯಾಯವಲ್ಲ. ಮುಂದಿನ ಬೇಸಗೆಗೆ ಇನ್ನೂ ಕಾಲಾವಕಾಶವಿದೆ. ಕಾರ್ಯಕಾರಿ ಸಮಿತಿಯ ಮಹನೀಯರು ಈ ಸೂಚನೆಯನ್ನು ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಸೇರಿಸಿಕೊಳ್ಳಬೇಕೆಂದೂ, ಚಪ್ಪರದ ಗಳುಗಳನ್ನು ನೆಡಲು ತರುಣ ಸದಸ್ಯರು ಮುಂದೆ ಬರಬೇಕೆಂದೂ ಸವಿನಯವಾಗಿ ಪ್ರಾರ್ಥಿಸುತ್ತೇನೆ.